ಆಕಾಶದಾಗ ನಾ ಕಲಿಸಿದ ಗಂಟು

ಇದನ್ನ ಒಂದ ಬೆರಳಿನಾಗ ಕುಟ್ಟಾಕತ್ತೀನಿ. ಫೋನಿನಾಗ ಟೈಪ್ ಮಾಡೋದು ಈಗೀಗ ಕಲ್ತೀನಿ. ನಾ ಒಂದು ಬರದ್ರ ಅದು ತನಗ ಬೇಕಾದ್ದೊಂದು ಬರೀತೈತಿ, ಥೇಟ್ ನಮ್ಮ ಸೊಸಿ ಇದ್ದಂಗ. ಸೊಸಿ ಇದನ್ನ ಓದ್ತಾಳ. ಓದ್ಲಿ.

ನನ್ನ ಮೊಮ್ಮಗಳು ಇಂಜಿನಿಯರಿಂಗ್ ಓದತಾಳ. ಅಕಿ ಕಾಲೇಜಿನ ಹುಡುಗ್ರೆಲ್ಲಾ ಕೂಡಿ ಒಂದು ಉಪಗ್ರಹ ಮಾಡಿದ್ರು. ದೊಡ್ಡದೇನಲ್ಲ, ನಮ್ಮ ರೊಟ್ಟಿ ಡಬ್ಬಿಯಷ್ಟು. ಮ್ಯಾಲಿಂದ ಭೂಮಿ ಫೋಟೋ ತೆಗಿಯೋದು ಅದರ ಕೆಲಸ. ಡ್ಯಾಮಿನಾಗ ನೀರು ಎಷ್ಟೈತಿ, ಕಂಪ್ಲಿ ಕಡಿ ಭತ್ತ ಎಷ್ಟು ಹಸರೈತಿ, ಗಣಿ ಅಗದು ಸಂಡೂರು ಗುಡ್ಡ ಎಷ್ಟು ಕರಗೇತಿ ಅಂತ. ಫೋಟೋದಾಗ ನೆರಳು ದಿನಾ ಒಂದ ಥರಾ ಬೀಳಬೇಕಂತ, ಇಲ್ಲಾಂದ್ರ ಇವತ್ತಿಂದು ನಾಳಿಂದು ಹೋಲಿಸಾಕ ಬರಂಗಿಲ್ಲ. ಅದಕ್ಕ ಸೂರ್ಯನ ಹೊತ್ತು ತಪ್ಪದಂಗ ಸುತ್ತೋ ದಾರಿಗೆ ಅದನ್ನ ಹಚ್ಚಿದ್ರು. ಯಾವತ್ತು ಬಂದ್ರೂ ನಮ್ಮ ಕಡಿಗೆ ಬಿಸಲು ಏರೋ ಹೊತ್ತಿಗೇ ಬರೋದು. ಕಂಪ್ಲಿ ಕಡಿಂದ ಎದ್ದು, ಹಂಪಿ ದಾಟಿ, ನಮ್ಮ ಹೊಸಪೇಟಿ ಮ್ಯಾಲೆ ಹಾದು, ಸಂಡೂರು ಗುಡ್ಡದ ಹಿಂದ ಇಳಿಯೋದು. ಒಂದು ಚಾ ಕುಡಿಯೋದ್ರಾಗ ಎಲ್ಲಾ ಮುಗೀತಿತ್ತು. ದೋಣಿಮಲೈ ಗಣಿ ಸ್ಟಾಫ್ ಬಸ್ಸು ಸೈತ ಇಷ್ಟು ಸರಿಯಾಗಿ ಬಂದದ್ದು ನಾ ನೋಡಿಲ್ಲ.

ಬಂದು ಏನ್ ಮಾಡೋದು, ಮಾತಾಡವಲ್ದು.

ಅದರ ಆಂಟೆನಾ ಅಂದ್ರ ಸ್ಟೀಲ್ ಪಟ್ಟಿ. ಕಳಿಸೋವಾಗ ಮಡಚಿ ದಾರ ಬಿಗದಿರ್ತಾರ. ಮ್ಯಾಲೆ ಹೋದಮ್ಯಾಲೆ ಒಳಗಿನ ಸಣ್ಣ ತಂತಿ ಕಾದು ದಾರ ಸುಡಬೇಕು, ಪಟ್ಟಿ ಬಿಚ್ಚಿಕೋಬೇಕು, ಆಮ್ಯಾಲೆ ಮಾತು. ಆ ದಾರ ಕಟ್ಟಿದಾಕಿ ನಮ್ಮ ಮೊಮ್ಮಗಳು. ಗಂಟು ಕಲಿಸಿದಾಕಿ ನಾನು.

ಹಬ್ಬಕ್ಕ ಬಂದಾಗ ನೈಲಾನ್ ದಾರ ಹಿಡ್ಕೊಂಡು ಕುಂತಿದ್ಲು. ರಾಕೆಟ್ ಭಾಳ ನಡುಗತೈತಿ, ಹೆಂಗ ಕಟ್ಟಿದ್ರೂ ಗಂಟು ಜಾರತೈತಿ ಅಂದ್ಲು. ನಾ ಕೊಳ್ಳಾಗಿನ ಶಿವದಾರ ತೋರಿಸಿದೆ. ಎರಡು ಸುತ್ತು ಸುತ್ತಿ, ತುದಿ ಒಳಗ ತೂರಿಸಿ, ಹಲ್ಲು ಕಚ್ಚಿ ಜಗ್ಗೋ ಗಂಟು. ಲಿಂಗ ನೆಲಕ್ಕ ಬೀಳಬಾರದಲ್ಲ, ಅದಕ್ಕ ನಮ್ಮ ಮನ್ಯಾಗ ಮೊದಲು ಕಲಿಸೋದ ಅದನ್ನ. ಜಳಕ ಮಾಡ್ರಿ, ಬೆವರು ಸುರಿಸ್ರಿ, ಜಪ್ಪಯ್ಯ ಅಂದ್ರೂ ಬಿಚ್ಚಂಗಿಲ್ಲ. ಅಕಿ ಹಂಗ ಕಟ್ಟಿದ್ಲು. ಒಂದು ಸುತ್ತು ಇರಬೇಕಾದ ದಾರ ಎರಡು ಸುತ್ತಾತು. ಕೆಳಗ ಇದ್ದಾಗ ಸುಟ್ಟು ನೋಡಿದ್ರಂತ, ಸುಟ್ಟಿತ್ತಂತ. ಮ್ಯಾಲಿನ ಥಂಡಿಯಾಗ ಏನಾತೋ ಯಾರಿಗೆ ಗೊತ್ತು. ಪಟ್ಟಿ ಬಿಚ್ಚೋತನಾ ಆ ತಂತಿ ದಿನಾ ಮತ್ತ ಮತ್ತ ಕಾಯತೈತಂತ, ಅದೊಂದ ಆಸೆ.

ಆ ಬ್ಯಾಸಗಿ ರಜಾಕ್ಕ ಬಂದಾಕಿ ದಿನಾ ಮಾಳಿಗಿ ಮ್ಯಾಲೆ ನಿಂತು, ಕೈಯಾಗೊಂದು ಆಂಟೆನಾ ಹಿಡ್ಕೊಂಡು, ಕಂಪ್ಲಿ ಕಡಿಂದ ಸಂಡೂರು ಕಡಿಗೆ ಮೆಲ್ಲಕ ತಿರುವುತಿದ್ಲು. ಆ ಆಂಟೆನಾನೂ ಮನ್ಯಾಗ ಮಾಡಿದ್ದು. ಪ್ಲಾಸ್ಟಿಕ್ ಪೈಪಿಗೆ ನಮ್ಮ ಯಜಮಾನ್ರ ಸ್ಟೀಲ್ ಅಳತಿ ಟೇಪ್ ಕತ್ತರಿಸಿ ಹಚ್ಚಿದ್ಲು. ಅವರು ಡ್ಯಾಮಿನ ಕಾಲುವಿ ಆಫೀಸಿನಾಗ ಇದ್ರು. ಅವರಿದ್ದಿದ್ರ ಮೊದಲು ಬೈತಿದ್ರು, ಆಮ್ಯಾಲೆ ತಾವ ಹಿಡ್ಕೊಂಡು ನಿಂದ್ರತಿದ್ರು.

ನಾ ಛತ್ರಿ ಹಿಡ್ಕೊಂಡು ಅಕಿ ಹಿಂದ. ಅದಕ್ಕ ಹಚ್ಚಿದ ಸಣ್ಣ ರೇಡಿಯೋದಾಗ ಬರೀ ಸರ್‍ರ್ ಅನ್ನೋ ಸದ್ದು. ಪಕ್ಕದ ಮನಿಯಾಕಿ ಅದರಾಗ ಏನ್ ಕೇಳತೈತ್ರಿ ಅಂದ್ಲು. ನಿಮ್ಮ ಮನಿ ಮಾತು ಅಂದೆ. ಅವತ್ತಿಂದ ಅಕಿ ಕಿಡಕಿ ಹಾಕ್ಕೊಂಡೇ ಗಂಡನ್ನ ಬೈತಾಳ.

ನಗಚಾಟಿಗಿ ಮಾಡ್ತಿದ್ದೆ, ಖರೆ. ಆದ್ರ ಹುಡುಗಿ ರೊಟ್ಟಿ ಮುರದು ಹಂಗ ಬಿಡ್ತಿದ್ಲು. ಈ ವಾರ ನೋಡಿ ಕೈ ಬಿಡೋಣು ಅಂತ ಅಕಿ ಮಾಸ್ತರು ಅಂದಿದ್ರಂತ. ಅಷ್ಟು ಮಂದಿ ಹುಡುಗ್ರ ದುಡಿಮಿ ಅಕಿ ಕಟ್ಟಿದ ದಾರದಾಗ ಸಿಕ್ಕೊಂಡು ಕುಂತಿತ್ತು. ಒಂದಿನ ಮಾಳಿಗಿಂದ ಇಳಿಯೋವಾಗ ತಿರುಗಿ ನೋಡಿ ಕೇಳಿದ್ಲು.

"ಅಜ್ಜಿ, ಆ ಗಂಟು ತಾನಾಗಿ ಬಿಚ್ಚಿದ್ದು ನೀ ಎಂದಾರ ನೋಡೀಯೇನು?"

ಸುಳ್ಳು ಹೇಳಾಕ ನಾ ಹಿಂದ ಮುಂದ ನೋಡಾಕಿ ಅಲ್ಲ. ಅವತ್ತು ಬಾಯಿ ಬರ್ಲಿಲ್ಲ. ಇಲ್ಲವ್ವ ಅಂದೆ.

ವಾರ ಮುಗಿಯೋ ದಿನ ಕಂಪ್ಲಿಯಾಗ ನಮ್ಮ ತಂಗಿ ಮನಿ ಗೃಹಪ್ರವೇಶ. ಸೊಸಿ ಆಂಟೆನಾ ಮುಟ್ಟಗೊಡಲಿಲ್ಲ. ಮನಿ ಒಕ್ಕಲಿಗೆ ಹೊಂಟೀವೋ, ಟಿವಿ ರಿಪೇರಿಗೆ ಹೊಂಟೀವೋ ಅಂದ್ಲು. ಹುಡುಗಿ ಆಂಟೆನಾ ಅಲ್ಲೇ ಬಿಟ್ಟು ಕಾರಿನಾಗ ಕುಂತ್ಲು. ಅದನ್ನ ನೋಡಿ ನನಗ ಮತ್ತಷ್ಟು ಹೆದರಿಕಿ ಆತು. ನಾ ಒಳಗ ಹೋಗಿ ಟೇಪಿನ ಪಟ್ಟಿಗಳನ್ನ ಮಡಚಿ, ದಾರ ಬಿಗದು, ರೇಡಿಯೋ ಸಮೇತ ಶಾಲಿನಾಗ ಸುತ್ತಿ ಕಾರಿನಾಗ ಕಾಲ ಬುಡಕ ಇಟ್ಕೊಂಡೆ.

ಕಮಲಾಪುರ ದಾಟಿದ್ವಿ. ಹುಡುಗಿ ಫೋನಿನಾಗ ಉಪಗ್ರಹದ ಕೆಂಪು ಗೆರಿ ನೋಡ್ಕೊಂತ ಕುಂತಿದ್ಲು. ಗೆರಿ ನಮ್ಮ ಕಡಿಗೆ ಇಳಿಯಾಕತ್ತಿತ್ತು.

"ಗಾಡಿ ನಿಲ್ಲಿಸಪ್ಪ, ವಾಂತಿ ಬರಾಕತ್ತೈತಿ," ಅಂದೆ.

ಮಗ ಗಾಬರಿಯಾಗಿ ಹಂಪಿ ಬಂಡಿಗಲ್ಲುಗಳ ಬಾಜು ನಿಲ್ಲಿಸಿದ. ನಾ ಇಳದು ಶಾಲು ಬಿಚ್ಚಿದೆ. ನೀರಿನ ಬಾಟ್ಲಿ ಹಿಡ್ಕೊಂಡು ಓಡಿ ಬಂದ ಸೊಸಿ, ಅದನ್ನ ನೋಡಿ ನಿಂತಲ್ಲೇ ನಿಂತ್ಲು. ಹುಡುಗಿ ಆಂಟೆನಾ ಕಸ್ಕೊಂಡು ದಾರ ಬಿಚ್ಚಾಕ ಹೋದ್ಲು. ಬಿಚ್ಚವಲ್ದು. ನನ್ನ ಕೈ ರೂಢಿಲೆ ಅದ ಗಂಟು ಹಾಕಿ ಬಿಟ್ಟಿತ್ತು, ಎರಡು ಸುತ್ತು. ಮಗ ಉಗುರು ಹಚ್ಚಿದ, ನಾ ಹಲ್ಲು ಹಚ್ಚಿದೆ, ಅದು ಕಟ್ಟಿಸಿದ ಹಲ್ಲು. ಚಾಕು ಇಲ್ಲ, ಬ್ಲೇಡಿಲ್ಲ. ಮ್ಯಾಲೆ ಅದು ದಾಟಾಕತ್ತಿತ್ತು.

ಸೊಸಿನೇ ಉಡಿ ತುಂಬೋ ತಟ್ಟಿಯಾಗಿಂದ ಕರ್ಪೂರ ಹಚ್ಚೋ ಬೆಂಕಿಪೆಟಗಿ ತಂದ್ಲು. ಗಾಳಿಗೆ ಕಡ್ಡಿ ಆರೇ ಹೋತು. ಆಗ ಅಕಿ ಹೊಸಾ ರೇಷ್ಮಿ ಸೀರಿ ಸೆರಗು ಅಡ್ಡ ಹಿಡದ್ಲು, ಸುಟ್ರ ನೋಡ್ರಿ ಅತ್ತೀ ಅಂದ್ಕೊಂತ. ಮಗ ಕಡ್ಡಿ ಗೀರಿದ. ಒಂದು ಸುತ್ತು ಸುಟ್ಟಿತು. ಪಟ್ಟಿ ಅಲ್ಲಾಡಲಿಲ್ಲ. ಹುಡುಗಿ ಮುಖ ನೋಡಾಕ ಆಗಲಿಲ್ಲ ನನಗ. ಇನ್ನೊಂದು ಕಡ್ಡಿ ಗೀರಿದ. ಎರಡನೇ ಸುತ್ತೂ ಹೊಗಿಯಾಡಿ ಹರೀತು, ಪಟ್ಟಿ ಠಪ್ ಅಂತ ಬಿಚ್ಚಿ ಮಗನ ಚಸ್ಮಾಕ್ಕ ಬಡೀತು.

ಹುಡುಗಿ ಬಂಡಿಗಲ್ಲು ಏರಿ ಆಂಟೆನಾ ಸಂಡೂರು ಕಡಿಗೆ ಹಿಡದ್ಲು. ಸರ್‍ರ್ ಅಂತಿತ್ತು. ನಾ ಶಿವದಾರ ಮುಟ್ಕೊಂಡು ನಿಂತೆ. ಸರ್‍ರ್ ಒಳಗಿಂದ ಕೋಳಿಮರಿ ಚೀಂವ್ ಅಂದಂಗ ಒಂದು ಸದ್ದು. ನನಗ ನಂಬಿಕಿ ಬರ್ಲಿಲ್ಲ. ಮತ್ತೊಂದು ಬಂತು. ಆಮ್ಯಾಲೆ ಸಾಲಾಗಿ ಬಂದು, ಗುಡ್ಡದ ಹಿಂದ ಸಣ್ಣಾಗಿ ಹೋತು.

"ನಮ್ದ ಅದು, ಅಜ್ಜಿ," ಅಂದ್ಲು ಅಷ್ಟ. ಬಂಡಿ ಮ್ಯಾಲೆ ಕುಂತು ಅತ್ಲು.

ಕಂಪ್ಲಿಗೆ ಹೋಗೋದ್ರಾಗ ಪೂಜಿ ಮುಗದಿತ್ತು. ಯಾಕ ತಡಾ ಅಂತ ತಂಗಿ ಕೇಳಿದ್ಲು. ಅತ್ತಿಯವರಿಗೆ ವಾಂತಿ ಅಂತ ಸೊಸಿ ಮುಖ ಗಂಭೀರ ಮಾಡ್ಕೊಂಡು ಹೇಳಿದ್ಲು. ಎಲ್ಲಾರ ಎಲಿಗೆ ಹೋಳಿಗಿ ತುಪ್ಪ ಬಂತು, ನನ್ನ ಎಲಿಗೆ ಮಜ್ಜಿಗಿ ಅನ್ನ. ಎದುರು ಸಾಲಿನಾಗ ನಮ್ಮ ಹುಡುಗಿ ಮೂರನೇ ಹೋಳಿಗಿ ಹಾಕಿಸ್ಕೊಳ್ಳಾಕತ್ತಿದ್ಲು. ನಾ ಮಜ್ಜಿಗಿ ಅನ್ನ ಪೂರಾ ಉಂಡೆ.