ಬಂಗಾರಿಗೆ ಅಮ್ಮ ಬಂದದ್ದು

ಆ ದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಹೊರಗಿನ ಕೋಣೆಯಿಂದ ಅತ್ತೆ ಕೂಗಿದರು: "ಏ, ಲಗೂನ ಬಾ! ಬಂಗಾರಿಗೆ ಅಮ್ಮ ಬಂದಾಳ!"

ಬಂಗಾರಿ ಎಂದರೆ ನಮ್ಮ ಗಾಜಿನ ತೊಟ್ಟಿಯ ಹೊನ್ನಬಣ್ಣದ ಮೀನು. ಹಿಟ್ಟಿನ ಕೈಯಲ್ಲೇ ಓಡಿಹೋಗಿ ನೋಡಿದೆ. ಬಾಲದ ತುಂಬ, ರೆಕ್ಕೆಯ ತುಂಬ ರವೆ ಉದುರಿಸಿದಂತೆ ಬಿಳಿ ಚುಕ್ಕೆ. ಪಾಪ, ತುರಿಕೆ ತಾಳಲಾರದೆ ಕಲ್ಲಿಗೆ ಮೈ ತಿಕ್ಕುತ್ತಿತ್ತು.

ನಮ್ಮ ಕಡೆ ಮಕ್ಕಳ ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಳು ಎನ್ನುತ್ತಾರೆ. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬಾಗಿಲಿಗೆ ಬೇವು ಕಟ್ಟಬೇಕು, ಔಷಧವನ್ನಂತೂ ಮುಟ್ಟಬಾರದು. ಮುಟ್ಟಿದರೆ ಆಕೆ ಮುನಿಯುತ್ತಾಳೆ. ಅತ್ತೆ ಆ ನೇಮವನ್ನೆಲ್ಲ ಮೀನಿಗೂ ಹಚ್ಚಿದರು. ಸಂಜೆಯ ಹೊತ್ತಿಗೆ ತೊಟ್ಟಿಯ ಮುಚ್ಚಳದ ಮೇಲೆ ಬೇವಿನ ಟೊಂಗೆ, ನಮ್ಮ ತಾಟಿನಲ್ಲಿ ಸಪ್ಪನೆಯ ಬೇಳೆ. ನಗಬೇಡಿ. ಪಕ್ಕದಲ್ಲಿ ನಿಂತು ಕೈಮುಗಿದವಳು ನಾನೂ.

ಒಂದು ಮೀನಿಗೆ ಇಷ್ಟೇಕೆ ಎಂದು ನೀವು ಕೇಳಬಹುದು. ಬಾಗಲಕೋಟೆಯಿಂದ ಪುಣೆಗೆ ಬಂದು ಇಷ್ಟು ಕಾಲವಾದರೂ ಅತ್ತೆಯ ನಾಲಿಗೆಗೆ ಮರಾಠಿ ಹತ್ತಲಿಲ್ಲ. ಕೆಳಗೆ ಕಟ್ಟೆಯ ಮೇಲೆ ಕೂತ ಹೆಂಗಸರು ಮಾತಾಡಿಸಿದರೆ ಸುಮ್ಮನೆ ನಕ್ಕು ಮೇಲೆ ಬಂದುಬಿಡುತ್ತಾರೆ. ಬಂದು, ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಬಂಗಾರಿಗೆ ಎಲ್ಲ ಹೇಳುತ್ತಾರೆ: ಮೊಣಕಾಲಿನ ನೋವು, ಕನಸಿನಲ್ಲಿ ಕಂಡ ತವರುಮನೆ, ನನ್ನ ಸಾರಿನ ಹುಳಿ. "ಸೊಸಿನೂ ಕೇಳ್ತಾಳ, ಇಲ್ಲನ್ನಂಗಿಲ್ಲ. ಆದ್ರ ಇದು ನಡುವ ಎದ್ದು ಕುಕ್ಕರ್ ಇಳಸಾಕ ಹೋಗಂಗಿಲ್ಲ ನೋಡು" ಎಂದು ಒಮ್ಮೆ ನನ್ನೆದುರೇ ಅಂದಿದ್ದರು.

ಮರುದಿನ ಬಂಗಾರಿ ತಿನ್ನುವುದನ್ನು ಬಿಟ್ಟಿತು. ನಮ್ಮ ಮನೆಯವರು ಮೀನಿನ ಅಂಗಡಿಯಲ್ಲಿ ವಿಚಾರಿಸಿಕೊಂಡು ಬಂದರು.

"ಅವ್ವಾ, ಅದು ಅಮ್ಮ ಅಲ್ಲ, ಹುಳ. ಚರ್ಮದಾಗ ಹೊಕ್ಕು ಕುಂತದ. ನೀರು ಸಾವಕಾಶ ಬೆಚ್ಚಗ ಮಾಡಿ ಉಪ್ಪು ಹಾಕಬೇಕಂತ. ಚುಕ್ಕಿ ಹೋದ್ರೂ ಬಿಡಬಾರದಂತ, ನೀರಾಗ ಇನ್ನೂ ಇರ್ತಾವಂತ."

"ಅಮ್ಮ ಬಂದ ಮೈಗೆ ಉಪ್ಪು ಹಾಕಿ ಉರಸ್ತೀ ಏನಲೇ?"

"ಹಂಗಾದ್ರ ಅದು ಸಾಯ್ತದ ನೋಡ್ವಾ."

ಅತ್ತೆ ಎದ್ದುಹೋಗಿ ದೇವರ ಮುಂದೆ ಕೂತರು. ಬಹಳ ಹೊತ್ತು ಕೂತರು.

ನಾನು ಮೆಲ್ಲಗೆ ಚಂಬಿನಲ್ಲಿ ಕಲ್ಲುಪ್ಪು ಕದಡಿ ತೊಟ್ಟಿಯ ಹತ್ತಿರ ಹೋದೆ. ಮುಚ್ಚಳ ತೆಗೆದೆನೇ ಹೊರತು ಚಂಬು ಬಗ್ಗಿಸಲು ಧೈರ್ಯವಾಗಲಿಲ್ಲ. ಹಿಂದಿನಿಂದ ಅತ್ತೆಯ ಕೈ ಬಂತು.

"ಕೊಡು ಇಲ್ಲಿ. ನಾ ಹಾಕ್ತೀನಿ. ಸಿಟ್ಟಾದ್ರ ಆಕಿ ನನ್ನ ಮ್ಯಾಲ ಆಗ್ಲಿ. ನೀ ಮಕ್ಕಳ ತಾಯಿ, ಸರಿ ಅತ್ತಾಗ."

ಅದು ಹುಳ ಎಂದು ಅವರು ಆಗಲೂ ನಂಬಿರಲಿಲ್ಲ, ಈಗಲೂ ನಂಬಿಲ್ಲ. ಅಮ್ಮನೇ ಎಂದು ನಂಬಿಯೂ ಉಪ್ಪು ಸುರಿದರು. ಗಲ್ಲ ಗಲ್ಲ ಬಡಿದುಕೊಂಡು, ಸ್ವಲ್ಪ ಸ್ವಲ್ಪವೇ ಸುರಿದರು. ಆಮೇಲೆ ನೀರು ಬದಲಿಸುವಾಗಲೂ ನನ್ನನ್ನು ತೊಟ್ಟಿಯ ಹತ್ತಿರ ಬಿಡಲಿಲ್ಲ.

ಚುಕ್ಕೆಗಳು ಉದುರಿದವು. ಒಂದು ಬೆಳಿಗ್ಗೆ ಬಂಗಾರಿ ಮೇಲೆ ಬಂದು ಕಾಳು ನುಂಗಿತು. "ಉಂಡ್ತು, ಉಂಡ್ತು!" ಎಂದು ಅತ್ತೆ ಕೆಳಗಿನ ಹೆಂಗಸರಿಗೂ ಕೇಳುವಂತೆ ಕೂಗಿದರು, ಕನ್ನಡದಲ್ಲೇ.

ಹುಳ ಹೋಯಿತೋ, ಅಮ್ಮ ಒಲಿದಳೋ, ನನಗೆ ತಿಳಿಯದು. ಹುಳವನ್ನು ಹುಟ್ಟಿಸಿದವಳೂ ಆಕೆಯೇ ಅಲ್ಲವೇ? ನನಗೆ ಗೊತ್ತಿರುವುದು ಇಷ್ಟು: ದೀಪ ಹಚ್ಚಿ ಬೇಡಿಕೊಳ್ಳುವಾಗ ಮೊದಲು ಮಕ್ಕಳ ಹೆಸರು ಬಾಯಿಗೆ ಬರುತ್ತಿತ್ತು, ಈಗ ಅತ್ತೆಯ ಹೆಸರು ಬರುತ್ತದೆ. ಇದನ್ನು ಬರೆಯುತ್ತಿರುವಾಗಲೂ ಹೊರಗೆ ಬಂಗಾರಿಯ ಮುಂದೆ ಅವರ ಮಾತು ನಡೆದಿದೆ. ದೂರು ನನ್ನ ಮೇಲೆಯೇ. ಎದ್ದೆ, ಬಕೆಟ್ಟಿನಲ್ಲಿ ಬಟ್ಟೆ ನೆನೆದಿವೆ, ಹಿಂಡಿ ಹಾಕಬೇಕು.