ಚಮಚದಲ್ಲಿ ಬಂದ ಪರಮಪ್ರಸಾದ

ಚಪಾತಿಯ ಒಂದು ತುತ್ತು ಎದೆಯ ನಡುವೆ ನಿಂತುಬಿಟ್ಟಿತು. ನೀರು ಕುಡಿದೆ. ನೀರೂ ಅದರ ಮೇಲೇ ನಿಂತಿತು. ಎದ್ದು ಸಿಂಕಿಗೆ ಹೋಗಿ ಉಗಿದು ಬಂದೆ. ನಿಧಾನವಾಗಿ ತಿನ್ನು, ಯಾರೂ ಕಿತ್ತುಕೊಳ್ಳುವುದಿಲ್ಲ ಎಂದು ನನ್ನ ಗಂಡ ತಮಾಷೆ ಮಾಡಿದರು. ಇಬ್ಬರೂ ನಕ್ಕೆವು.

ಒಂದು ತಿಂಗಳಲ್ಲಿ ಚಪಾತಿ ಬಿಟ್ಟೆ. ಆಮೇಲೆ ಅನ್ನ. ಆಮೇಲೆ ಇಡ್ಲಿಯನ್ನೂ ಸಾರಿನಲ್ಲಿ ಕಿವುಚಿಕೊಂಡು ತಿನ್ನತೊಡಗಿದೆ. ಗ್ಯಾಸ್ ಇರಬೇಕೆಂದು ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿದೆ. ಆ ಮಾತ್ರೆಯೂ ಇಳಿಯದೆ ನಿಂತ ದಿನ ಗಂಡ ನನ್ನನ್ನು ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಂಡೋಸ್ಕೋಪಿ ಮಾಡಿದರು. ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಡಾಕ್ಟರ್ ತಮ್ಮ ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. ಅವರು ಬಾಯಿ ತೆರೆಯುವ ಮೊದಲೇ ನನಗೆ ಅರ್ಥವಾಯಿತು.

ಫುಡ್ ಪೈಪ್ ಕ್ಯಾನ್ಸರ್.

ಶಿವಾಜಿನಗರದ ಶಾಲೆಯೊಂದರಲ್ಲಿ ನಾನು ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದವಳು. ಮನೆಯಲ್ಲಿ ತಮಿಳು, ಉರ್ದು ಆಡುವ ಮಕ್ಕಳಿಗೆ ಒತ್ತಕ್ಷರ ಹೇಳಿಕೊಟ್ಟೂ ಕೊಟ್ಟೂ ಗಟ್ಟಿಯಾಗಿದ್ದ ಗಂಟಲು ನನ್ನದು. ಗಂಡ ಇನ್ನಾಸಪ್ಪ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಜೀವನ್ ಬಿಮಾ ನಗರದಲ್ಲಿ ನಮ್ಮ ಮನೆ. ಅವರು ಕ್ಯಾಥೊಲಿಕ್, ನಾನು ಪ್ರಾಟೆಸ್ಟೆಂಟ್. ಅಕ್ಕಪಕ್ಕದವರಿಗೆ ಎರಡೂ ಒಂದೇ. ಒಳಗಿರುವವರಿಗೆ ಮಾತ್ರ ನಡುವಿನ ಗೋಡೆ ಗೊತ್ತು.

ಅವರ ಚರ್ಚಿನ ಪೂಜೆಯಲ್ಲಿ ಪರಮಪ್ರಸಾದ ಕೊಡುವ ಹೊತ್ತಿಗೆ ಎಲ್ಲರೂ ಸಾಲಾಗಿ ಮುಂದೆ ಹೋಗುತ್ತಾರೆ. ಆ ತೆಳುವಾದ ಗೋಧಿ ಬಿಲ್ಲೆ ಪೂಜೆಯಲ್ಲಿ ಕ್ರಿಸ್ತನ ದೇಹವೇ ಆಗುತ್ತದೆ ಎಂಬುದು ಅವರ ನಂಬಿಕೆ. ಅವರ ಸಭೆಗೆ ಸೇರದ ನಮ್ಮಂಥವರಿಗೆ ಅದನ್ನು ಕೊಡುವಂತಿಲ್ಲ. ನಮ್ಮ ಚರ್ಚಿನಲ್ಲಿ ತಿಂಗಳಿಗೊಮ್ಮೆ ಕರ್ತನ ಭೋಜನ. ದೀಕ್ಷಾಸ್ನಾನ ಆದವರು ಯಾರು ಬಂದರೂ ರೊಟ್ಟಿ, ದ್ರಾಕ್ಷಾರಸ ಕೊಡುತ್ತಾರೆ. ಆದರೆ ಅದನ್ನು ತೆಗೆದುಕೊಳ್ಳಲು ನನ್ನ ಗಂಡನಿಗೆ ಅವರ ಸಭೆಯ ಒಪ್ಪಿಗೆಯಿಲ್ಲ. ಹೀಗೇ ಮೂವತ್ತೊಂದು ವರ್ಷ ಕಳೆದವು. ಅವರ ಚರ್ಚಿಗೆ ನಾನು ಹೋಗುತ್ತಿದ್ದೆ. ಅವರು ಸಾಲಿಗೆ ಹೊರಟಾಗ ಮೊಣಕಾಲು ಪಕ್ಕಕ್ಕೆ ತಿರುಗಿಸಿ ದಾರಿ ಬಿಡುತ್ತಿದ್ದೆ. ನಮ್ಮ ಚರ್ಚಿಗೆ ಅವರು ಮದುವೆ, ಮರಣಗಳಿಗೆ ಬಿಟ್ಟರೆ ಬರುತ್ತಿರಲಿಲ್ಲ. ಇದಕ್ಕಾಗಿ ನಾವು ಜಗಳವಾಡಿದ್ದಿಲ್ಲ. ಮಾತಾಡಿದ್ದೂ ಇಲ್ಲ.

ಐದು ವಾರ ರೇಡಿಯೇಷನ್, ವಾರಕ್ಕೊಂದು ಕೀಮೋ, ಆಮೇಲೆ ಆಪರೇಷನ್ ಎಂದು ಡಾಕ್ಟರ್ ಹೇಳಿದ್ದರು. ಮೊದಲ ಎರಡು ವಾರ ತಡೆದುಕೊಂಡೆ. ಹೊರಮಾವಿನಲ್ಲಿರುವ ಮಗಳು ದಿನವೂ ಗಂಜಿ ತರುತ್ತಿದ್ದಳು. ಅದು ಒಂದೊಂದೇ ಚಮಚ ಇಳಿಯುತ್ತಿತ್ತು. ಮೂರನೆಯ ವಾರ ಬಾಯಿ ತುಂಬ ಹುಣ್ಣು. ಜ್ವರ. ರಕ್ತದ ಕೌಂಟ್ ಎಲ್ಲಿಗೋ ಬಿದ್ದಿತ್ತು. ಶ್ವಾಸಕೋಶಕ್ಕೂ ಇನ್ಫೆಕ್ಷನ್ ತಗುಲಿತ್ತು. ನನ್ನನ್ನು ಐಸೊಲೇಷನ್ ರೂಮಿಗೆ ಹಾಕಿ ಮೂಗಿನಿಂದ ಟ್ಯೂಬ್ ಇಳಿಸಿದರು. ಮಾತಾಡಿದರೆ ಗಾಳಿಯಷ್ಟೇ ಬರುತ್ತಿತ್ತು. ಹೇಳಬೇಕಾದ್ದನ್ನು ಒಂದು ಪ್ಯಾಡಿನ ಮೇಲೆ ಬರೆಯುತ್ತಿದ್ದೆ.

ಡಾಕ್ಟರ್ ನನ್ನ ಗಂಡನನ್ನು ಹೊರಗೆ ಕರೆದು, ಇನ್ನು ಎರಡು ಮೂರು ದಿನ ಬಹಳ ಮುಖ್ಯ ಎಂದರಂತೆ. ಒಳಗೆ ಬಂದಾಗ ಅವರು ಮಾಸ್ಕ್ ಹಾಕಿಕೊಂಡಿದ್ದರು. ಕಣ್ಣಷ್ಟೇ ಕಾಣುತ್ತಿತ್ತು. ಅಷ್ಟು ಸಾಕಾಯಿತು.

ನಮ್ಮ ಚರ್ಚಿನ ಸಭಾಪಾಲಕರನ್ನು ಕರೆಸಿ ಎಂದು ಬರೆದೆ. ಅವರು ಸ್ವತಃ ಕೆಮ್ಮು, ಜ್ವರದಿಂದ ಮಲಗಿದ್ದರು. ಕೌಂಟ್ ಬಿದ್ದ ರೋಗಿಯ ಹತ್ತಿರ ಅಂಥವರನ್ನು ಬಿಡುವ ಹಾಗಿರಲಿಲ್ಲ.

ಮರುದಿನ ಮಧ್ಯಾಹ್ನ ಫಾದರ್ ಜೋಕಿಂ ಬಂದರು. ಆ ವಾರ್ಡುಗಳಲ್ಲಿರುವ ಕ್ಯಾಥೊಲಿಕ್ ರೋಗಿಗಳಿಗೆ ಪ್ರಸಾದ ತಂದುಕೊಡುತ್ತಿದ್ದವರು. ನನ್ನ ಪಕ್ಕ ಕೂತಿದ್ದ ಗಂಡನಿಗೂ ಕೊಡಲು ಬಂದಿದ್ದರು. ಜೇಬಿನಿಂದ ದುಂಡನೆಯ ಸಣ್ಣ ಡಬ್ಬಿ ತೆಗೆದರು. ನಾನು ಮಂಚದ ಕಂಬಿಯ ಮೇಲೆ ಬೆರಳಿನಿಂದ ತಟ್ಟಿದೆ. ಪ್ಯಾಡ್ ತಿರುಗಿಸಿ ತೋರಿಸಿದೆ.

‘ನನಗೂ.’

ಗಂಡ ಬೆಚ್ಚಿ ನನ್ನ ಮುಖ ನೋಡಿದರು. ಇವಳು ಪ್ರಾಟೆಸ್ಟೆಂಟ್ ಎಂದು ಅವರೇ ಫಾದರಿಗೆ ತಿಳಿಸಿದರು. ಫಾದರ್ ಡಬ್ಬಿ ಮುಚ್ಚಿ ಸ್ಟೂಲಿನ ಮೇಲೆ ಕೂತರು.

“ಅಮ್ಮ, ನೀವಾಗೇ ಕೇಳ್ತಿದ್ದೀರಾ, ಯಾರಾದ್ರೂ ಕೇಳಿ ಅಂದ್ರಾ?”

ನಾನೇ ಎಂದು ಎದೆ ಮುಟ್ಟಿಕೊಂಡೆ.

“ಇದು ಏನು ಅಂತ ನಂಬ್ತೀರಿ?”

ಇದಕ್ಕೆ ಬರೆದು ಉತ್ತರ ಕೊಡಬಾರದು ಅನ್ನಿಸಿತು. ಇದ್ದ ಉಸಿರನ್ನೆಲ್ಲ ಕೂಡಿಸಿಕೊಂಡು ಹೇಳಿದೆ.

“ಹೇಗೆ ಅಂತ ಗೊತ್ತಿಲ್ಲ ಫಾದರ್. ಯಾರು ಅಂತ ಗೊತ್ತು.”

 ಫಾದರ್ ನಿಧಾನವಾಗಿ ವಿವರಿಸಿದರು. ಪ್ರಾಣಕ್ಕೆ ಅಪಾಯವಿದ್ದರೆ, ರೋಗಿಯ ಸಭಾಪಾಲಕರು ಬರಲಾಗದಿದ್ದರೆ, ರೋಗಿ ತಾನಾಗಿ ಕೇಳಿದರೆ, ಪ್ರಸಾದದ ಬಗ್ಗೆ ಕ್ಯಾಥೊಲಿಕರ ನಂಬಿಕೆಯೇ ಅವರಿಗೂ ಇದ್ದರೆ ಕೊಡಲು ಅವರ ನಿಯಮದಲ್ಲಿ ಅವಕಾಶವಿದೆಯಂತೆ. ಆದರೂ ಡಾಕ್ಟರನ್ನು ಕೇಳಬೇಕು, ನಮ್ಮ ಸಭಾಪಾಲಕರ ಜೊತೆಗೂ ಮಾತಾಡಬೇಕು, ಅವರಿಗೆ ಗೊತ್ತಿಲ್ಲದೆ ಕದ್ದು ಕೊಟ್ಟ ಹಾಗಾಗಬಾರದು, ಒಂದು ದಿನ ಕಾಯಿರಿ ಎಂದರು. ಗಂಡನ ಕಡೆಗೆ ತಿರುಗಿ ಮತ್ತೆ ಡಬ್ಬಿ ತೆರೆದರು.

“ಹಾಗಾದ್ರೆ ನನಗೂ ಇವತ್ತು ಬೇಡ ಫಾದರ್,” ಅಂದರು ನನ್ನ ಗಂಡ.

ಜ್ವರ ಬಂದರೂ ಭಾನುವಾರದ ಪೂಜೆ ತಪ್ಪಿಸದ ಮನುಷ್ಯ.

ಸಂಜೆ ಕಲ್ಯಾಣ ನಗರದಿಂದ ನನ್ನ ಅಣ್ಣ ಜಯಶೀಲ ಬಂದ. ಅವನು ನಮ್ಮ ಚರ್ಚಿನ ಕಮಿಟಿಯಲ್ಲಿದ್ದಾನೆ. ವಿಷಯ ಕೇಳಿ ಮುಖ ಕೆಂಪಗಾಯಿತು. ಭಾನುವಾರದೊಳಗೆ ಬೇರೆ ಸಭಾಪಾಲಕರನ್ನು ಹುಡುಕಿ ಕರೆತರುತ್ತೇನೆ, ಅವಸರವೇನು ಎಂದ. ಅವತ್ತು ಮಂಗಳವಾರ. ಭಾನುವಾರದ ಲೆಕ್ಕ ಆ ರೂಮಿನಲ್ಲಿ ಯಾರೂ ಹಾಕುತ್ತಿರಲಿಲ್ಲ. ಗಂಡ ಅದನ್ನೇ ಮೆಲ್ಲಗೆ ಹೇಳಹೋದರು. ಅಣ್ಣನಿಗೆ ತಡೆಯಲಾಗಲಿಲ್ಲ.

“ನಮ್ಮಲ್ಲಿ ಬನ್ನಿ ಅಂತ ಮೂವತ್ತು ವರ್ಷದಿಂದ ಕರೀತಿದ್ದೀವಿ ಭಾವ, ನೀವು ಒಂದಿನ ಬರ್ಲಿಲ್ಲ. ಈಗ ಇವಳು ಸಾಯೋ ಹೊತ್ತಲ್ಲಿ ನಿಮ್ಮವರ ಹತ್ರ ಬೇಡ್ಕೋಬೇಕಾ?”

ಹೇಳಿದವನೇ ನಿಂತುಬಿಟ್ಟ.

ಅಷ್ಟು ದಿನ ಯಾರೂ ನನ್ನ ಮುಂದೆ ಸಾವಿನ ಮಾತನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅಣ್ಣ ಗೋಡೆಯ ಕಡೆ ತಿರುಗಿಕೊಂಡ. ಭುಜಗಳು ಅಲುಗುತ್ತಿದ್ದವು. ನನಗೆ ವಿಚಿತ್ರವಾಗಿ ಹಗುರವೆನಿಸಿತು. ಪ್ಯಾಡ್ ತೆಗೆದುಕೊಂಡು ಬರೆದೆ: ‘ನಮ್ಮದು ಬೇಡ ಅಂತಲ್ಲ ಅಣ್ಣ. ಇವರ ಜೊತೆ ಒಂದು ಸಲ ಬೇಕು.’ ಅವನು ಅದನ್ನು ಎರಡೆರಡು ಸಲ ಓದಿದ. ನನ್ನ ಪಾದದ ಮೇಲಿನ ಹೊದಿಕೆ ಸರಿಮಾಡಿ ಹೊರಟ.

ನಾನು ಕೇಳಿದ್ದರ ಹಿಂದೆ ಸಾವಿನ ಭಯ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಭಯಕ್ಕಿಂತ ಹೆಚ್ಚಾಗಿ ಒಂದು ಕೊರತೆ ಇತ್ತು. ಒಂದೇ ಮನೆಯಲ್ಲಿ ಉಂಡು, ಮಗಳನ್ನು ಬೆಳೆಸಿ, ಒಬ್ಬರ ಅರ್ಧ ಮಾತನ್ನು ಇನ್ನೊಬ್ಬರು ಮುಗಿಸುವಷ್ಟು ಹತ್ತಿರವಾದ ಮೇಲೂ, ಇಬ್ಬರಿಗೂ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಬೇರೆ ಬೇರೆಯಾಗಿಯೇ ಪಡೆದಿದ್ದೆವು. ಹಾಗೆಯೇ ಹೋಗಿಬಿಡುವುದು ನನ್ನಿಂದ ಆಗುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಫಾದರ್ ಬಂದರು. ಅವರ ಹಿಂದೆ ಅಣ್ಣನೂ ಬಂದು ಬಾಗಿಲಲ್ಲೇ ನಿಂತ. ನಮ್ಮ ಸಭಾಪಾಲಕರ ಜೊತೆ ಫೋನಿನಲ್ಲಿ ಮಾತಾಯಿತು ಎಂದು ಫಾದರ್ ಹೇಳಿದರು.

“ಕೊಡಿ ಫಾದರ್, ನಾನು ಬಂದಿದ್ರೂ ಅದನ್ನೇ ಕೊಡ್ತಿದ್ದೆ ಅಂದ್ರು. ಎರಡೂ ಒಂದೇನಾ ಅಲ್ವಾ ಅಂತ ನಿಮ್ಮ ಕೆಮ್ಮು ಹೋದ್ಮೇಲೆ ವಾದ ಮಾಡೋಣ ಅಂದೆ.”

ಮಾಸ್ಕಿನ ಒಳಗೆ ಅವರು ನಗುತ್ತಿದ್ದುದು ಗೊತ್ತಾಯಿತು.

ನರ್ಸ್ ಮಂಚದ ತಲೆಭಾಗ ಎತ್ತರಿಸಿದರು. ಡಾಕ್ಟರ್ ಒಂದೇ ಚಮಚ ನೀರಿಗೆ ಒಪ್ಪಿದ್ದಾರೆ, ಅದಕ್ಕಿಂತ ಹೆಚ್ಚು ಬೇಡ ಎಂದರು. ನಾವು ಪ್ರಭು ಕಲಿಸಿದ ಪ್ರಾರ್ಥನೆ ಹೇಳಿದೆವು. ಕ್ಯಾಥೊಲಿಕರು ನಿಲ್ಲಿಸುವ ಕಡೆ ನಾವು ಪ್ರಾಟೆಸ್ಟೆಂಟರು ನಿಲ್ಲಿಸುವುದಿಲ್ಲ, ದೇವರ ಮಹಿಮೆಯನ್ನು ಹೇಳುವ ಇನ್ನೊಂದು ಸಾಲು ನಮಗಿದೆ. ಫಾದರೂ ನನ್ನ ಗಂಡನೂ ಅಲ್ಲಿಗೆ ನಿಲ್ಲಿಸಿದರು. ಬಾಗಿಲಿನಿಂದ ಅಣ್ಣನ ದನಿ ಒಂದೇ ಮುಂದುವರಿಯಿತು. ಫಾದರ್ ತಲೆಬಗ್ಗಿಸಿ ಅವನು ಮುಗಿಸುವವರೆಗೂ ಕಾದರು.

ಬಿಲ್ಲೆಯಿಂದ ಸಾಸಿವೆ ಕಾಳಿನಷ್ಟು ಮುರಿದು ಚಮಚದ ನೀರಿಗೆ ಹಾಕಿದರು. ಕ್ರಿಸ್ತನ ದೇಹ ಎಂದರು. ಆಮೆನ್ ಎಂದೆ. ಉಳಿದದ್ದನ್ನು ನನ್ನ ಗಂಡನಿಗೆ ಕೊಟ್ಟರು.

ಇಳಿಯಿತು.

ಅದರಿಂದಲೇ ಗುಣವಾಯಿತು ಎಂದು ನಾನು ಹೇಳಲಾರೆ. ಡಾಕ್ಟರುಗಳು ಆ್ಯಂಟಿಬಯಾಟಿಕ್ ಬದಲಿಸಿದ್ದರು. ಶುಕ್ರವಾರ ಜ್ವರ ಇಳಿಯಿತು. ಭಾನುವಾರದ ಹೊತ್ತಿಗೆ ಕೌಂಟ್ ಏರತೊಡಗಿತು. ನಿಂತಿದ್ದ ರೇಡಿಯೇಷನ್ ಮತ್ತೆ ಶುರುವಾಗಿ ಮುಗಿಯಿತು. ಎರಡು ತಿಂಗಳ ನಂತರ ಆಪರೇಷನ್. ಅದರ ಹಿಂದಿನ ದಿನ ಕೆಮ್ಮು ವಾಸಿಯಾದ ನಮ್ಮ ಸಭಾಪಾಲಕರೇ ಬಂದು ಪ್ರಾರ್ಥನೆ ಮಾಡಿದರು. ಫುಡ್ ಪೈಪಿನ ಕೆಟ್ಟ ಭಾಗ ತೆಗೆದು, ಹೊಟ್ಟೆಯನ್ನೇ ಮೇಲಕ್ಕೆಳೆದು ಜೋಡಿಸಿದರು. ಈಗ ದಿನಕ್ಕೆ ಆರು ಸಲ, ಪ್ರತಿ ಸಲ ಸಣ್ಣ ಬಟ್ಟಲಿನಷ್ಟು ತಿನ್ನುತ್ತೇನೆ. ದಿಂಬುಗಳಿಗೆ ಒರಗಿ ಮಲಗುತ್ತೇನೆ. ದನಿ ಪೂರ್ತಿ ಬಂದಿಲ್ಲ. ಬರುತ್ತಿದೆ.

ನಡೆಯುವಷ್ಟಾದ ಮೇಲೆ ಗಂಡನ ಜೊತೆ ಅವರ ಚರ್ಚಿಗೆ ಹೋದೆ. ಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದರು. ನಾನು ಕೂತೇ ಇದ್ದೆ. ಪೂಜೆ ಮುಗಿದ ಮೇಲೆ ಫಾದರ್ ಜೋಕಿಂ ಗೇಟಿನ ಹತ್ತಿರ ಸಿಕ್ಕರು. ಅವತ್ತಿನ ಪೂಜೆ ನಡೆಸಿದವರು ಅವರೇ. ಆವತ್ತು ಕೊಟ್ಟದ್ದು ಆ ಸ್ಥಿತಿಗೆ ಮಾತ್ರ, ಈಗ ನಾನು ಚೆನ್ನಾಗಿದ್ದೇನಲ್ಲ ಎಂದು ಬಹಳ ಸಂಕೋಚದಿಂದ ಹೇಳಿದರು. ಹಾಗಾದರೆ ಬದುಕಿಕೊಂಡಿದ್ದೇ ತಪ್ಪಾಯಿತಾ ಎಂದು ಕೇಳಿದೆ. ತಮಾಷೆಗೇ ಕೇಳಿದ್ದು. ಅವರು ನಕ್ಕರು. ಆದರೆ ನಗು ಬೇಗ ನಿಂತಿತು.

“ನೀವು ಕೂತಿರೋದು ನೋಡ್ಕೊಂಡೇ ಕೊಡ್ತಿದ್ದೆ ಅಮ್ಮ. ನನಗೂ ಸುಲಭ ಇಲ್ಲ.”

ನೋವಾಗಲಿಲ್ಲ ಎನ್ನಲಾರೆ. ಆದರೆ ಆ ಮನುಷ್ಯ ಆವತ್ತೂ ಸುಳ್ಳು ಹೇಳಿರಲಿಲ್ಲ, ಈವತ್ತೂ ಹೇಳಲಿಲ್ಲ.

ಕಳೆದ ಭಾನುವಾರ ನಮ್ಮ ಚರ್ಚಿನಲ್ಲಿ ಕರ್ತನ ಭೋಜನವಿತ್ತು. ನನ್ನ ಗಂಡ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ನನಗಿಂತ ಮೊದಲೇ ತಯಾರಾಗಿದ್ದರು. ನಾನೇನೂ ಕರೆದಿರಲಿಲ್ಲ. ಎಲ್ಲರೂ ಮುಂದೆ ಹೋಗುವಾಗ ನನ್ನ ಮೊಣಕೈ ಹಿಡಿದು ಜೊತೆಗೆ ಬಂದರು, ಪಕ್ಕದಲ್ಲಿ ಮಂಡಿಯೂರಿದರು. ರೊಟ್ಟಿಗೆ ಕೈ ಚಾಚಲಿಲ್ಲ. ಎದೆಯ ಮೇಲೆ ಅಡ್ಡ ಕಟ್ಟಿಕೊಂಡರು. ಸಭಾಪಾಲಕರು ನನಗೆ ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಟ್ಟು, ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಎರಡು ಸಾಲು ಹಿಂದೆ ಅಣ್ಣ ಗಟ್ಟಿಯಾಗಿ ಮೂಗು ಒರೆಸಿಕೊಂಡದ್ದು ಕೇಳಿಸಿತು.

ವಾಪಸ್ ಬರುವಾಗ ಆಟೋ ಹಲಸೂರು ದಾಟಿದ ಮೇಲೆ ಗಂಡ ನನ್ನ ಕಡೆ ತಿರುಗಿದರು.

“ಇಷ್ಟು ವರ್ಷ ಹೇಗೆ ಕೂತ್ಕೊಂಡಿದ್ದೆ, ಸುಗುಣ?”

“ನೀವು ವಾಪಸ್ ಬಂದು ಪಕ್ಕದಲ್ಲೇ ಕೂತ್ಕೋತಿದ್ರಲ್ಲ ರೀ,” ಅಂದೆ.

ಮುಂದಿನ ತಿಂಗಳು ಸ್ಕ್ಯಾನ್ ಇದೆ. ಏನು ಬರುತ್ತದೋ ಗೊತ್ತಿಲ್ಲ; ಡಾಕ್ಟರ್ ಮಾತ್ರ ಧೈರ್ಯವಾಗಿಯೇ ಇದ್ದಾರೆ. ಅದಕ್ಕೆ ಮುಂಚೆ ನಾಲ್ಕು ಭಾನುವಾರಗಳಿವೆ. ಎರಡು ಅವರ ಚರ್ಚಿಗೆ, ಎರಡು ನಮ್ಮ ಚರ್ಚಿಗೆ, ನಾಲ್ಕಕ್ಕೂ ಇಬ್ಬರೂ ಎಂದು ಮಾತಾಡಿಕೊಂಡಿದ್ದೇವೆ.