ಸುಮ್ಮನೆ ಒಂದು ವಿಚಾರಣೆ

ಮೊನ್ನೆ ಬೀರು ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಮನಸ್ಸು ಸೀದಾ ವಕೀಲಮ್ಮನ ಹತ್ತಿರ ಹೋಯಿತು. ತಮಿಳುನಾಡಿಗೆ ಸೇರಿದ ಹೊಸೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವರು. ಅವರ ಕರಿ ಕೋಟಿಗೆ ಸದಾ ಅದೇ ವಾಸನೆ. ಕೋರ್ಟಿಗೆ ಹೋಗುವುದಕ್ಕಿಂತ ಮಹಡಿಯಲ್ಲಿ ನಿಂತು ಬೀದಿಯವರನ್ನು ಗದರುವುದೇ ಹೆಚ್ಚು. ನನಗಂತೂ ಅವರನ್ನು ಕಂಡರೆ ಆಗುತ್ತಿರಲಿಲ್ಲ... ಆ ಮಧ್ಯಾಹ್ನದವರೆಗೆ.

ನನ್ನ ಯಜಮಾನರು ಫ್ಯಾಕ್ಟರಿಯೊಂದರ ಸ್ಟೋರಿನಲ್ಲಿದ್ದರು. ಅಲ್ಲಿ ತಾಮ್ರದ ತಂತಿ ಕಳುವಾಗಿತ್ತು. ರಜೆಯ ದಿನ ಊಟಕ್ಕೆ ಕೂರುವ ಹೊತ್ತಿಗೆ ಇಬ್ಬರು ಪೊಲೀಸರು ಬಂದರು. "ಸುಮ್ಮಾ ವಿಸಾರಣೈದಾನ್ಮಾ" ಎಂದರು ತಮಿಳಿನಲ್ಲಿ. ಸುಮ್ಮನೆ ವಿಚಾರಣೆ, ಅಷ್ಟೇ. ನಮ್ಮತ್ತೆ ಬೇರಿಕೆ ಕಡೆಯ ಕನ್ನಡದ ಹಳ್ಳಿಯವರು. ವಿಚಾರಿಸುವುದೆಂದರೆ ಅವರ ಪಾಲಿಗೆ ನೆಂಟರು ಬಂದು ಯೋಗಕ್ಷೇಮ ಕೇಳುವುದು. ಪೊಲೀಸರಿಗೆ ಮಜ್ಜಿಗೆ ಕೊಟ್ಟು, "ವಿಚಾರ್ಸ್ಕೊಂಡು ಬೇಗ ಕಳ್ಸಿ ಸಾಮಿ, ಮುದ್ದೆ ಆರೋಗ್ತದೆ" ಎಂದರು.

ವಕೀಲಮ್ಮ ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಯಜಮಾನರನ್ನು ಹತ್ತಿಸಿಕೊಂಡ ಜೀಪು ತಿರುವು ದಾಟಿತ್ತು.

"ಅರೆಸ್ಟ್ ಅಂದ್ರಾ, ವಿಚಾರಣೆ ಅಂದ್ರಾ?"

"ಬರೀ ವಿಚಾರಣೆಯಂತೆ," ಎಂದೆ ನಾನು, ನೆಮ್ಮದಿಯಿಂದಲೇ.

"ಅದೇ ಕಣಮ್ಮ ಕೆಟ್ಟದ್ದು. ನಡಿ, ನಾನೂ ಬತ್ತೀನಿ," ಎಂದು ಕೋಟು ತೊಟ್ಟರು.

ಠಾಣೆಯಲ್ಲಿ ಯಜಮಾನರು ಕಾಣಲಿಲ್ಲ. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಅದರ ಹಿಂದೆ ಏನೋ ಬಿದ್ದ ಸದ್ದು... ಕುರ್ಚಿಯೋ, ಮನುಷ್ಯನೋ. ವಕೀಲಮ್ಮ ಸಬ್ ಇನ್‌ಸ್ಪೆಕ್ಟರ್ ಮುಂದೆ ನಿಂತು, ದನಿ ಏರಿಸದೆ, ತಮಿಳಿನಲ್ಲಿ ಮಾತಾಡಿದರು. ವಿಚಾರಣೆಯಾದರೆ ಈಕೆಯ ಗಂಡ ಈಗಲೇ ಎದ್ದು ನಮ್ಮ ಜೊತೆ ಬರಬಹುದು. ಬಿಡುವುದಿಲ್ಲವೆಂದರೆ ಅದು ಅರೆಸ್ಟು. ಅರೆಸ್ಟಾದರೆ ಕಾರಣ ಹೇಳಿ, ಮೆಮೊ ಬರೆದು ಹೆಂಡತಿಯ ಸಹಿ ಹಾಕಿಸಿಕೊಳ್ಳಿ, ಡಾಕ್ಟರಿಗೆ ತೋರಿಸಿ. ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ. ಎರಡರಲ್ಲಿ ಯಾವುದೆಂದು ಹೇಳಿಬಿಡಿ, ಎಂದರು.

ಸಬ್ ಇನ್‌ಸ್ಪೆಕ್ಟರ್ ನಕ್ಕರು. ಆಮೇಲೆ ಗದರಿದರು. ಹೊರಗೆ ಹೋಗಿ ಕೂರಿ ಎಂದರು. ವಕೀಲಮ್ಮ ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊನೆಗೆ ಆತ ರೇಗಿ, ಅರೆಸ್ಟ್ ಎಂದೇ ಬರೆಯಿರಿ ಎಂದು ಪಕ್ಕದವರಿಗೆ ಹೇಳಿದರು.

ಗಂಡನನ್ನು ಬಿಡಿಸಲು ಬಂದವರು ಕೈಯಾರೆ ಒಳಗೆ ಹಾಕಿಸಿದರಲ್ಲ ಎಂದು ಉರಿದುಹೋದೆ. "ನಿಮ್ಮನ್ನ ಕರ್ದೋರ್ಯಾರು?" ಎಂದೇಬಿಟ್ಟೆ.

"ಬಯ್ಕೊ. ನಿನ್ ಗಂಡ ಇಲ್ಲವ್ನೆ ಅಂತ ಈಗ ಒಪ್ಕೊಂಡವ್ರೆ. ಇನ್ಮೇಲೆ ಅವ್ನ ಮೈಗೆ ಏನಾದ್ರೂ ಇವ್ರೇ ಜವಾಬು ಹೇಳ್ಬೇಕು," ಎಂದರು.

ಮಾರನೆಯ ದಿನ ಮ್ಯಾಜಿಸ್ಟ್ರೇಟರು ಹೊಡೆದರೇ ಎಂದು ಕೇಳಿದಾಗ ಯಜಮಾನರು ಊದಿದ ಅಂಗೈ ಚಾಚಿದರು. ಬೇಲೂ ಸಿಕ್ಕಿತು. ತಂತಿ ಕದ್ದವರು ಬೇರೆಯವರೆಂದು ತಿಳಿಯಲು ತಿಂಗಳುಗಳೇ ಹಿಡಿದವು. ವಿಚಾರಣೆ ವಿಚಾರಣೆಯಾಗಿಯೇ ಉಳಿದಿದ್ದರೆ, ಅಷ್ಟು ದಿನ ಅವರು ಎಲ್ಲಿದ್ದಾರೆಂದು ಹೇಳುವ ಗರಜು ಯಾರಿಗೂ ಇರುತ್ತಿರಲಿಲ್ಲ. ಆ ಹೆಂಗಸು ಇಲ್ಲದಿದ್ದರೆ ನಾನು ಗಂಡನನ್ನು ಕಳೆದುಕೊಳ್ಳುತ್ತಿದ್ದೆ. ಇದು ಉತ್ಪ್ರೇಕ್ಷೆಯಲ್ಲ.

ವಕೀಲಮ್ಮ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಮಹಡಿಯಲ್ಲಿ ಈಗ ಬೇರೆ ಸಂಸಾರವಿದೆ. ಈ ನೆನಪೆಲ್ಲ ಕೆದಕಿಕೊಂಡ ಎರಡನೇ ದಿನಕ್ಕೆ ಬೀದಿಯ ಹೂವಿನಾಕೆ ಬಂದು ಗೇಟು ಹಿಡಿದು ನಿಂತಳು. ಅವಳ ಮಗನನ್ನು ವಿಚಾರಣೆಗೆಂದು ಕರೆದೊಯ್ದಿದ್ದರಂತೆ.

"ವಕೀಲಮ್ಮ ಇಲ್ವಲ್ಲಮ್ಮ..." ಎಂದೆ.

"ಗೊತ್ತು ಕಣಕ್ಕ. ಕಾಲು ಇಲ್ಲಿಗೇ ತಂದ್ಬುಡ್ತು."

ಅವಳ ಜೊತೆ ನಾನೇ ಹೊರಟೆ. ಠಾಣೆಯ ಮೆಟ್ಟಿಲು ಹತ್ತುವಾಗ ಮಂಡಿ ಗಡಗಡ ನಡುಗುತ್ತಿತ್ತು. ಆ ದಿನ ಅವರಿಗೂ ಹೀಗೇ ನಡುಗಿತ್ತೋ ಏನೋ... ಕೇಳೋಣವೆಂದರೆ ಅವರಿಲ್ಲ.